ಹಗ್ಗದ ಕೊನೆಗೆ ಯಾರು?

"ಉಸಿರಾಡಾಕ ಆಗವಲ್ದು ಅಕ್ಕಾ," ಎಂದಳು ಮಂಜರಿ.

"ಆಗ್ತದ. ಸಣ್ಣಗ ಉಸಿರಾಡು," ಎಂದು ಸೃಷ್ಟಿ ಅವಳ ಸೊಂಟದ ಗಂಟನ್ನು ಇನ್ನೊಂದಿಷ್ಟು ಬಿಗಿದಳು.

ಅಂದೋಲಾ ಊರಿನ ಆಚೆ, ಕಲ್ಲುಗುಡ್ಡದ ಬುಡದಲ್ಲಿ, ಸಿದ್ಧಪ್ಪಜ್ಜನ ಗವಿಯ ಮುಂದೆ ಶಾಲೆಯ ಇಕೋ ಕ್ಲಬ್ಬಿನ ಮಕ್ಕಳು ಸಾಲಾಗಿ ನಿಂತಿದ್ದರು. ಎಲ್ಲರ ಸೊಂಟಕ್ಕೂ ಒಂದೇ ಹಗ್ಗ. ಅದು ಸೃಷ್ಟಿಯ ದೊಡ್ಡಪ್ಪನ ಬಂಡಿಯ ಹಗ್ಗ. ಅವರನ್ನು ಕೇಳಿ ತಂದಿದ್ದಳೋ ಇಲ್ಲವೋ, ಆ ಮಾತು ಈಗ ಬೇಡ.

ಹಗ್ಗ ಯಾಕೆ ಅಂತೀರಾ? ಹೋದ ವರ್ಷ ಕ್ಲಬ್ಬಿನ ಲೀಡರ್ ಆಗಿದ್ದವಳು ಸೃಷ್ಟಿಯ ಅಕ್ಕ ಭಾಗ್ಯಜ್ಯೋತಿ. ಗಾಣಗಾಪುರದ ಟ್ರಿಪ್ ಮುಗಿಸಿ ಬರುವಾಗ ಅವಳು ಸೂರ್ಯಕಾಂತ ಎಂಬ ಹುಡುಗನನ್ನು ಚೌಡಾಪುರದಲ್ಲೇ ಬಿಟ್ಟು ಬಂದಿದ್ದಳು. ಅವನೋ, ಬಸ್ಸು ಹೋದದ್ದೂ ಗೊತ್ತಿಲ್ಲದೆ ಮಿರ್ಚಿ ಭಜಿ ತಿನ್ನುತ್ತ ನಿಂತಿದ್ದ. ಅಂದಿನಿಂದ ಅಕ್ಕ ಕಿರಾಣಿ ಅಂಗಡಿಗೆ ಹೊರಟರೂ ಸಾಕು, "ಯಾರನ್ನರ ಬಿಟ್ಟ ಬಂದೀ ನೋಡವ್ವ" ಎಂದು ಮನೆಮಂದಿಯೆಲ್ಲ ನಗುತ್ತಾರೆ.

ಈ ಸಲ ಲೀಡರ್ ಸೃಷ್ಟಿ. ಆರನೇ ಕ್ಲಾಸು, ಕೊರಳಲ್ಲಿ ಸರ್ ಕೊಟ್ಟ ಸೀಟಿ. ಎಲ್ಲರನ್ನೂ ಗವಿಯೊಳಗೆ ಕರೆದುಕೊಂಡು ಹೋಗಬೇಕು, ಎಲ್ಲರನ್ನೂ ಹೊರಗೆ ತರಬೇಕು. ಒಬ್ಬರು ಕಡಿಮೆಯಾದರೂ ಮನೆಯಲ್ಲಿ ಆ ನಗೆಯೆಲ್ಲ ತನ್ನ ಪಾಲಿಗೆ ಬರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಸೃಷ್ಟಿ, ನನಗ ಅರ್ಜೆಂಟ್ ಆಗೇದ," ಎಂದ ಸೂರ್ಯಕಾಂತ.

"ಈಗ ಕಟ್ಟೀನಲಾ. ಹೋಗು."

"ಹ್ಯಾಂಗ ಹೋಗ್ಲಿ?"

ಹೇಗೆ ಹೋಗುವುದು? ಎಲ್ಲರೂ ಹೋಗಬೇಕಾಯಿತು. ಇಡೀ ಕ್ಲಬ್ಬು ಅವನ ಹಿಂದೆ ಜಾಲಿ ಗಿಡದವರೆಗೆ ನಡೆದು, ಬೆನ್ನು ತಿರುಗಿಸಿ, ಮುಗಿಲು ನೋಡುತ್ತ ನಿಂತಿತು. ಮಂಜರಿ ನಾಚಿಕೆಯಿಂದ ಎರಡೂ ಕಿವಿ ಮುಚ್ಚಿಕೊಂಡಳು. ಕೆಲಸ ಮುಗಿದ ಮೇಲೆ ಇಡೀ ಕ್ಲಬ್ಬು ವಾಪಸ್ಸು ಬಂತು.

ಹಗ್ಗದ ಕಟ್ಟಕಡೆಗೆ ನಿಂತವನು ಸಂಕೇತ. ನಾಲ್ಕನೇ ಕ್ಲಾಸಿನವನು, ಕ್ಲಬ್ಬಿನಲ್ಲೇ ಸಣ್ಣವನು.

"ಅಕ್ಕಾ, ಒಳಗ ಲೈಟ್ ಅದ ಏನು?" ಎಂದು ಕೇಳಿದ.

"ಗವಿಯಾಗ ಎಲ್ಲಿ ಲೈಟ್ ಇರ್ತದೋ?"

"ಹಂಗಾದ್ರ ಅಕ್ಕಾ, ನಾ ಏನ್ ಹೇಳಾಕತ್ತೇನಿ ಅಂದ್ರ..."

"ಲೈನ್‌ನಾಗ ನಿಂದ್ರು. ಲೀಡರ್ ನಾ ಇದ್ದೇನಿ ಅಲಾ?" ಎಂದು ಸೃಷ್ಟಿ ಸೀಟಿ ಊದಿದಳು. ಸಂಕೇತ ಬಾಯಿ ಮುಚ್ಚಿದ.

ಗವಿಯ ದೀಪ ನೋಡಿಕೊಳ್ಳುವ ಬಾಳಮ್ಮ ಬಾಗಿಲ ಕಲ್ಲಿನ ಮೇಲೆ ಕುಳಿತಿದ್ದಳು. ಅವಳ ಆಡುಗಳು ಸುತ್ತಮುತ್ತ ಸಿಕ್ಕಿದ್ದನ್ನೆಲ್ಲ ಮೇಯುತ್ತಿದ್ದವು.

"ಒಳಗ ದಾರಿ ಒಂದೇ ಅದ. ನೆಟ್ಟಗ ಹೋಗ್ರಿ, ನೆಟ್ಟಗ ಬರ್ರಿ. ಲಿಂಗದ ಮುಂದ ದೀಪ ಹಚ್ಚಿ ಬಂದೀನಿ," ಎಂದಳು. "ಆದ್ರ ಹಣಿಗೆ ಈಬತ್ತಿ ಹಚ್ಚಿಕೊಳ್ಳೋ ತನಕ ಯಾರೂ ಪಿಟ್ ಅನಬಾರದು. ಹಿಂದಕ ತಿರುಗಿನೂ ನೋಡಬಾರದು. ಅಜ್ಜ ಧ್ಯಾನಕ್ಕ ಕೂತ ಜಾಗ ಅದು."

"ಮೊದಲು ನಾ ನೋಡಿ ಬರ್ತೇನಿ," ಎಂದು ಶಿವಪ್ರಕಾಶ ಸರ್ ಮುಂದೆ ಬಂದರು.

ಗವಿಯ ಬಾಯಿ ಸಣ್ಣದು. ಸರ್ ಹೊಟ್ಟೆ ಸಣ್ಣದಲ್ಲ. ತಲೆ ಹೋಯಿತು, ಕೈ ಹೋದವು, ಆಮೇಲೆ ಏನೂ ಹೋಗಲಿಲ್ಲ.

"ಎಳೀರಿ," ಎಂದು ಒಳಗಿನಿಂದ ಧ್ವನಿ ಬಂತು.

"ಒಳಗೋ ಹೊರಗೋ ಸರ್?" ಎಂದು ಸೂರ್ಯಕಾಂತ ಕೇಳಿದ.

"ಹೊರಗಲೇ!"

ಎಲ್ಲರೂ ಸರ್ ಕಾಲು ಹಿಡಿದು ಜಗ್ಗಿದರು. ಸರ್ ಹೊರಗೆ ಬಂದರು, ಅಂಗಿಯ ಗುಂಡಿಗಳು ಒಳಗೇ ಉಳಿದವು. ಕೆಲವು ಹೊರಗೂ ಉದುರಿದ್ದವು. ಸರ್ ಬಾಳಮ್ಮನನ್ನೂ ಜೊತೆಗೆ ಕರೆದು, ನೆಲದ ಮೇಲೆ ಮಂಡಿಯೂರಿ ಗುಂಡಿ ಹುಡುಕತೊಡಗಿದರು. "ನೀವು ಹೋಗಿ ಬರ್ರಿ. ಸೃಷ್ಟಿ, ಹುಷಾರ. ನಾ ಬಾಗಿಲಾಗೇ ಇರ್ತೇನಿ," ಎಂದರು.

ಸೃಷ್ಟಿ ಹಗ್ಗ ಜಗ್ಗಿ ನೋಡಿದಳು. ಬಿಗಿಯಾಗಿತ್ತು. ಮೈ ಬಗ್ಗಿಸಿ ಒಳಗೆ ಕಾಲಿಟ್ಟಳು.

ಒಳಗೆ ಕತ್ತಲೆಂದರೆ ಕತ್ತಲೆ. ತಂಪು ಬೇರೆ. ಸೃಷ್ಟಿ ಗೋಡೆ ಸವರುತ್ತ ಹೆಜ್ಜೆ ಇಟ್ಟಳು. ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಲೀಡರ್ ಆದವಳ ಎದೆ ಹೀಗೆಲ್ಲ ಹೊಡೆದುಕೊಳ್ಳುತ್ತದೆಂದು ಅಕ್ಕ ಹೇಳಿರಲೇ ಇಲ್ಲ.

ಆಗ ಹಿಂದಿನಿಂದ ಸದ್ದು ಬಂತು. ಕಟಂ. ಕಟಂ ಕುಟುಂ.

ಸೃಷ್ಟಿ ಗೋಡೆಗೆ ಒತ್ತಿಕೊಂಡಳು. ತಿರುಗಿ ನೋಡುವ ಹಾಗಿಲ್ಲ, ಕೇಳುವ ಹಾಗಿಲ್ಲ. ಮತ್ತೆ ಕಟಂ. ಸ್ವಲ್ಪ ಹೊತ್ತಿಗೆ ಅವಳಿಗೆ ಹೊಳೆಯಿತು. ಇದು ಖಡಕ್ ರೊಟ್ಟಿ ಮುರಿಯುವ ಸದ್ದು. ಯಾರೋ ಬುತ್ತಿ ಬಿಚ್ಚಿದ್ದಾರೆ. ಹೊರಗೆ ಹೋದ ಮೇಲೆ ನೋಡಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿದಳು.

ಅವಳಿಗಿಂತ ಹೆಚ್ಚು ಹಲ್ಲು ಕಚ್ಚಿದವನು ಸೂರ್ಯಕಾಂತ. ಹಗ್ಗದಲ್ಲಿ ಅವನ ಹಿಂದೆ ಇರುವವನು ಸಂಕೇತ ಒಬ್ಬನೇ. ರೊಟ್ಟಿ ಮುರಿಯುತ್ತಿರುವುದು ತನ್ನ ಬೆನ್ನಿನ ಬ್ಯಾಗಿನಲ್ಲೇ. ರೊಟ್ಟಿಗೆ ಹಚ್ಚಿಕೊಳ್ಳಲು ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯ ವಾಸನೆ ಗವಿಯೆಲ್ಲ ಹರಡಿತ್ತು. ಮಾತಾಡುವ ಹಾಗಿಲ್ಲವಲ್ಲ, ಅವನು ಸಿಟ್ಟು ನುಂಗಿಕೊಂಡು ನಡೆದ.

ಕೊನೆಗೆ ಲಿಂಗ ಕಂಡಿತು. ಮುಂದೆ ಕಾಳಿನಷ್ಟು ದೀಪ. ಲಿಂಗ ಕಾಣುತ್ತಿತ್ತು, ಮಂದಿಯ ಮುಖ ಕಾಣುತ್ತಿರಲಿಲ್ಲ. ಸೃಷ್ಟಿ ತಟ್ಟೆಯ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಒಬ್ಬೊಬ್ಬರ ಹಣೆಗೆ ಹಚ್ಚುತ್ತ ಬಂದಳು. ಮಂಜರಿಯ ಹಣೆಯೆಂದು ಮೂಗಿಗೆ ಹಚ್ಚಿದಳು. ಸೂರ್ಯಕಾಂತನಿಗೆ ಕಣ್ಣುರೆಪ್ಪೆಗೆ ಬಿತ್ತು. ಕಟ್ಟಕಡೆಗೆ ಸಂಕೇತನ ಹಣೆಗೆ ಕೈ ಚಾಚಿದಳು.

ಹಣೆಯ ತುಂಬ ಕೂದಲು. ಕೈ ಕೆಳಗಿಳಿಸಿದಳು. ಮೂಗು ಒದ್ದೆಯಾಗಿತ್ತು. ಇನ್ನೂ ಕೆಳಗಿಳಿಸಿದಳು. ಗಡ್ಡ.

"ಸಂಕೇತ," ಎಂದಳು ಸೃಷ್ಟಿ ಮೆಲ್ಲಗೆ, "ನಿನಗ ಗಡ್ಡ ಯಾವಾಗ ಬಂತೋ?"

ಸಂಕೇತ ಅವಳ ಕೈಯಲ್ಲಿದ್ದ ವಿಭೂತಿಯನ್ನೆಲ್ಲ ನೆಕ್ಕಿ, "ಮ್ಯಾಂ" ಎಂದ.

ಮಂಜರಿ ಕಿರುಚಿದಳು. ಆಡು ಗಾಬರಿಯಾಗಿ ಬಂದ ದಾರಿಗೆ ತಿರುಗಿ ಓಡಿತು. ಹಗ್ಗ ಅದರ ಕೊರಳಲ್ಲೇ ಇತ್ತು. ಸೂರ್ಯಕಾಂತ ಅದರ ಹಿಂದೆ, ಅವನ ಹಿಂದೆ ಉಳಿದವರು, ಎಲ್ಲರಿಗಿಂತ ಹಿಂದೆ ಲೀಡರ್. ಯಾರೂ ಅಲ್ಲಿ ನಡೆಯಲಿಲ್ಲ, ಆಡೇ ಎಲ್ಲರನ್ನೂ ನಡೆಸಿತು.

ನಗು ಬರಬೇಕಿತ್ತು. ಸೃಷ್ಟಿಗೆ ಬರಲಿಲ್ಲ. ಸಂಕೇತ ಎಲ್ಲಿ? ಕತ್ತಲಲ್ಲಿ ಎಲ್ಲಾದರೂ ಬಿದ್ದನೇ? ತಾನು ಹಿಂದೆ ತಿರುಗಿ ನೋಡಿದ್ದರೆ? ಅವಳಿಗೆ ಅಳುವೇ ಬಂತು.

ಗವಿಯ ಬಾಯಿಂದ ಮೊದಲು ಆಡು ಹೊರಬಿತ್ತು, ಗಡ್ಡಕ್ಕೆಲ್ಲ ವಿಭೂತಿ ಬಳಿದುಕೊಂಡು. ಗುಂಡಿ ಹುಡುಕುತ್ತಿದ್ದ ಸರ್ ತಲೆ ಎತ್ತಿ, ಏನೂ ತೋಚದೆ ಅದಕ್ಕೇ ಕೈ ಮುಗಿದರು.

"ಸರ್, ಸಂಕೇತ ಇಲ್ರಿ," ಎಂದು ಸೃಷ್ಟಿ ಅಳುತ್ತ ಸೊಂಟದ ಗಂಟು ಬಿಚ್ಚತೊಡಗಿದಳು.

"ಇಲ್ಲೇ ಇದ್ದಾನ ತಗೋ," ಎಂದಳು ಬಾಳಮ್ಮ, ಕುಳಿತಲ್ಲಿಂದಲೇ ಬೇವಿನ ಮರದ ಕಡೆ ಕೈ ತೋರಿಸಿ. "ಈ ಕೂಸು ಅಲ್ಲಿ ಕೂತು ಅಳಾಕತ್ತಿತ್ತು. ನಾನೇ ನೀರು ಕುಡಿಸೀನಿ. ನನ್ನ ಆಡು ಎಲ್ಲಿ ಹೋತು ಅಂತ ಈಗ ತಿಳೀತು."

ಸೃಷ್ಟಿ ಮರದ ಹತ್ತಿರ ಓಡಿದಳು. ಸಂಕೇತ ಮೊಣಕಾಲಿನಲ್ಲಿ ಮುಖ ಹುದುಗಿಸಿ ಕುಳಿತಿದ್ದ. ಅವನನ್ನು ನೋಡಿ ಅವಳಿಗೆ ಜೀವ ಬಂದಂತಾಯಿತು. ಮರುಕ್ಷಣ ಸಿಟ್ಟೂ ಬಂತು.

"ಲೇ, ಆಡು ಯಾಕ ಕಟ್ಟಿದ್ಯೋ?"

"ಲೈನ್‌ನಾಗ ಜಾಗ ಖಾಲಿ ಇದ್ರ ನಿನಗ ಎಲ್ಲಾರೂ ನಗ್ತಾರ ಅಂತ," ಎಂದ ಸಂಕೇತ ಮೂಗು ಒರೆಸಿಕೊಳ್ಳುತ್ತ. "ಎಲ್ಲಾರೂ ಸರ್ ಕಾಲು ಜಗ್ಗುವಾಗ ಕಟ್ಟಿದೆ. ಆಡಿಗೆ ಕತ್ತಲದ ಅಂಜಿಕಿ ಇರಂಗಿಲ್ಲ. ನನಗ ಅದ. ಹೇಳಾಕ ಬಂದಿದ್ದೆ. ನೀ ಸೀಟಿ ಊದಿದಿ."

ಸೃಷ್ಟಿಯ ಬಾಯಿಗೆ ಬಂದಿದ್ದ ಬೈಗುಳವೆಲ್ಲ ಎಲ್ಲೋ ಹೋಯಿತು. ಅವನ ಪಕ್ಕದಲ್ಲೇ ಕುಳಿತುಕೊಂಡಳು.

"ನನಗೂ ಅಂಜಿಕಿ ಆಗಿತ್ತು," ಎಂದಳು. "ಭಾಳ. ರೊಟ್ಟಿ ಸಪ್ಪಳಕ್ಕ ಜೀವ ಹೋದಂಗ ಆಗಿತ್ತು."

"ಖರೇನ?"

"ಖರೇನ. ಯಾರಿಗೂ ಹೇಳಬ್ಯಾಡ."

ಅತ್ತ ಸೂರ್ಯಕಾಂತ ಖಾಲಿ ಬ್ಯಾಗು ತೋರಿಸಿ ಆಡಿನ ಮೇಲೆ ಸರ್‌ಗೆ ಕಂಪ್ಲೇಂಟ್ ಹೇಳುತ್ತಿದ್ದ. ಉಳಿದವರು ಹೊಟ್ಟೆ ಹಿಡಿದು ನಗುತ್ತಿದ್ದರು. ಸಂಕೇತ ಗವಿಯ ಕಡೆಗೇ ನೋಡುತ್ತಿದ್ದ.

"ಅಕ್ಕಾ, ನಾ ಒಂದೀಟು ಹೋಗಿ ನೋಡ್ಲಿ ಏನು? ಒಂದೀಟೇ."

"ಬಾ. ಎಲ್ಲಿ ತನಕ ಅಂತ ನೀನೇ ಹೇಳು."

ಈ ಸಲ ಹಗ್ಗ ಇರಲಿಲ್ಲ. ಸಂಕೇತ ಮುಂದೆ, ಸೃಷ್ಟಿ ಅವನ ಕೈ ಹಿಡಿದುಕೊಂಡು ಹಿಂದೆ. ಒಳಗೆ ಹೋಗಿ, ಬಾಗಿಲಿನ ಬೆಳಕು ನೆಲದ ಮೇಲೆ ಮುಗಿಯುವ ಜಾಗಕ್ಕೆ ಬಂದಾಗ ಅವನ ಕಾಲು ನಿಂತವು. ಬೆರಳುಗಳು ಸೃಷ್ಟಿಯ ಕೈಯನ್ನು ಗಟ್ಟಿಯಾಗಿ ಹಿಡಿದವು.

"ಸಾಕು," ಎಂದ ಪಿಸುಮಾತಿನಲ್ಲಿ.

ಇನ್ನೊಂದೀಟೇ ಬಾ, ಅಲ್ಲೇ ದೀಪ ಅದ ಎನ್ನುವ ಮಾತು ಸೃಷ್ಟಿಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ಆಡಲಿಲ್ಲ. ಅವನ ಜೊತೆ ಅಲ್ಲೇ ನಿಂತಳು. ಎದುರಿಗೆ ಕತ್ತಲೆ ಸುಮ್ಮನೆ ಇತ್ತು. ನಿಧಾನಕ್ಕೆ ಸಂಕೇತನ ಕೈಯ ಬಿಗಿ ಕಡಿಮೆಯಾಯಿತು.

ಹೊರಗಿನಿಂದ ಸರ್ ಕೂಗಿದರು. "ಸೃಷ್ಟಿ, ಅಲ್ಲಿ ತನಕ ಮುಟ್ಟಿದ್ರೇನು?"

ಸೃಷ್ಟಿ ಸಂಕೇತನ ಮುಖ ನೋಡಿದಳು. ಅವನು ಹೌದೆಂದು ತಲೆ ಆಡಿಸಿದ.

"ಹೌದ್ರಿ ಸರ್," ಎಂದಳು. "ಮುಟ್ಟಿದ್ವಿ."