ಅಂಜನಮ್ಮನ ಕೆಂಪು ಬೊಟ್ಟು

ವೆಂಕಟರಮಣಪ್ಪ ನಡುಮನೆಯಲ್ಲಿ ಅಂಗಾತ ಸತ್ತು ಬಿದ್ದಿದ್ದರು. ಸ್ನಾನ ಮುಗಿಸಿ ಬಂದ ಒದ್ದೆ ಮೈ. ಬಲಗೈ ಬೆರಳು ಸುಟ್ಟಿತ್ತು. ಪಕ್ಕದ ಮೇಜಿನ ಮೇಲೆ ಮೂವತ್ತು ವರ್ಷ ಹಳೆಯ ಜಪಾನಿ ಸ್ಟೀರಿಯೋ ರಿಸೀವರ್. ರೇಡಿಯೊ, ಆಂಪ್ಲಿಫೈಯರ್ ಎರಡೂ ಸೇರಿದ, ಹದಿನೈದು ಕಿಲೋ ತೂಗುವ ಸೆಟ್ಟು.

2003ರ ಒಂದು ಭಾನುವಾರದ ಬೆಳಿಗ್ಗೆ, ಬಸವೇಶ್ವರನಗರ. ಅಡುಗೆಯ ಮಾಲಾ ಮೊದಲು ನೋಡಿದ್ದಳು. ಅವಳ ಕೂಗು ಕೇಳಿ ಹಿಂದಿನ ಮನೆಯಲ್ಲಿದ್ದ, ವೆಂಕಟರಮಣಪ್ಪನವರ ಅಕ್ಕನ ಮಗ ಮುರುಗೇಶ್ ಓಡಿಬಂದು ಮೇನ್ ಆಫ್ ಮಾಡಿದ್ದ. ಪೊಲೀಸರಿಗೆ ಫೋನ್ ಮಾಡಿದವನೂ ಅವನೇ.

"ಸೆಟ್ಟನ್ನ ನೀವು ಮುಟ್ಟಿದ್ರಾ?" ಸಬ್ ಇನ್ಸ್‌ಪೆಕ್ಟರ್ ಹನುಮೇಶ ಕೇಳಿದರು.

"ಯಾವತ್ತೂ ಮುಟ್ಟಿಲ್ಲ ಸಾರ್. ಮಾವ ಹತ್ರಾನೂ ಬಿಡ್ತಿರ್ಲಿಲ್ಲ. ಹೊಸಹಳ್ಳಿ ಅಂಜನಮ್ಮ ರಿಪೇರಿ ಮಾಡಿ ಶುಕ್ರವಾರ ಕೊಟ್ಟಿದ್ದು. ಅಡೀಲಿ ಸ್ಕ್ರೂ ಮೇಲೆ ಅವ್ರು ಇಟ್ಟಿರೋ ಕುಂಕುಮ ಹಂಗೇ ಇದೆ. ಇನ್ಯಾರೂ ಬಿಚ್ಚಿಲ್ಲ."

ಹನುಮೇಶ ಮತ್ತು ಕಾನ್‌ಸ್ಟೇಬಲ್ ಕೊಟ್ರಪ್ಪ ಇಬ್ಬರೂ ಸೇರಿ ಸೆಟ್ಟನ್ನು ಮಗುಚಿದರು. ನಾಲ್ಕು ಸ್ಕ್ರೂ. ನಾಲ್ಕು ಕೆಂಪು ಬೊಟ್ಟು.

* * *

ಅಂಜನಮ್ಮನಿಗೆ ಅರವತ್ತೆರಡು. ರೇಡಿಯೊ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಬೆಸುಗೆ ಹಾಕಿದವರು. ಕಾರ್ಖಾನೆ ಮುಚ್ಚಿದ ಮೇಲೆ ಹೊಸಹಳ್ಳಿಯಲ್ಲಿ ಪುಟ್ಟ ಅಂಗಡಿ ಇಟ್ಟಿದ್ದರು. ಸುದ್ದಿ ಆಗಲೇ ಬೀದಿ ತುಂಬ ಹಬ್ಬಿತ್ತು. ಮುದುಕಿಗೆ ಕಣ್ಣು ಕಾಣಿಸುವುದಿಲ್ಲ, ಒಬ್ಬರ ಪ್ರಾಣ ತೆಗೆದಳು ಎಂದು ಜನ ಆಡಿಕೊಳ್ಳತೊಡಗಿದ್ದರು. ಜನರ ಬಾಯಿಗೆ ಬೀಗ ಹಾಕುವವರು ಯಾರು?

"ಎಡಗಡೆ ಸ್ಪೀಕರ್ ಸತ್ತೋಗಿತ್ತು ಸಾರ್. ಒಂದು ಬೆಸುಗೆ ಬಿರುಕು ಬಿಟ್ಟಿತ್ತು, ಸರಿ ಮಾಡ್ದೆ. ಹಳೇ ಟೂ-ಪಿನ್ ಪ್ಲಗ್ ತೆಗೆದು ತ್ರೀ-ಪಿನ್ ಹಾಕಿ, ಶಾಕ್ ಹೊಡೀದಿರ್ಲಿ ಅಂತ ಅರ್ಥ್ ಕೊಟ್ಟೆ." ಅಂಜನಮ್ಮ ಕನ್ನಡಕ ಒರೆಸಿಕೊಂಡರು. "ಕಣ್ಣು ಮೊದಲಿನ ಹಂಗಿಲ್ಲ, ಸುಳ್ಳು ಯಾಕೆ ಹೇಳ್ಲಿ? ನನ್ನ ಕೈಯಿಂದಾನೇ ಜೀವ ಹೋಯ್ತಾ? ಒಂದ್ಸಲ ಸೆಟ್ಟು ತೋರ್ಸಿ. ನನ್ನ ತಪ್ಪಿದ್ರೆ ಜೈಲಿಗೆ ಹೋಗ್ತೀನಿ."

ಹನುಮೇಶರಿಗೆ ಸಂಕಟವಾಯಿತು. ಅವರ ಬಳಿ ಇದ್ದ ಒಂದೇ ಒಂದು ಸಾಕ್ಷಿ ಈ ಮುದುಕಿಯ ವಿರುದ್ಧವೇ ಇತ್ತು.

* * *

ಮರುದಿನ ಠಾಣೆಯ ಮೇಜಿನ ಮೇಲೆ ಸೆಟ್ಟು ಅಡಿಮೇಲಾಗಿ ಕೂತಿತ್ತು. ಮುಟ್ಟದೆ ನೋಡಿ ಹೇಳಬೇಕೆಂದು ಹನುಮೇಶ ಮೊದಲೇ ಹೇಳಿದ್ದರು. ಅಂಜನಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿದರು. ತುಂಬ ಹೊತ್ತು ನೋಡಿದರು.

"ಸಾರ್, ಇದು ನನ್ನ ಬೊಟ್ಟಲ್ಲ. ಇದು ಕುಂಕುಮ."

"ನೀವು ಇಡೋದು ಕುಂಕುಮ ಅಲ್ವಾ?"

"ನಮ್ಮೆಜಮಾನ್ರು ಹೋಗಿ ಹನ್ನೊಂದು ವರ್ಷ ಆಯ್ತು. ಅವತ್ತಿಂದ ಕುಂಕುಮದ ಭರಣಿ ಮುಟ್ಟಿಲ್ಲ. ನಾನಿಡೋದು ಮಗಳ ನೇಲ್ ಪಾಲಿಶ್. ಬಿಚ್ಚಿದ್ರೆ ಒಡೆದೋಗುತ್ತೆ, ಗೊತ್ತಾಗುತ್ತೆ."

ಹನುಮೇಶ ಕಾಗದದ ಚೂರಿನಿಂದ ಒಂದು ಬೊಟ್ಟನ್ನು ಒರೆಸಿದರು. ಕೆಂಪು ಹತ್ತಿತು. ಕೊಬ್ಬರಿ ಎಣ್ಣೆಯ ವಾಸನೆ. ಸ್ಕ್ರೂವಿನ ಸೀಳಿನಲ್ಲಿ ಒಡೆದ ಪಾಲಿಶ್‌ನ ಚೂರು ಇನ್ನೂ ಉಳಿದಿತ್ತು.

ಮುಚ್ಚಳ ತೆಗೆದರು. ಒಳಗೆ ಅರ್ಥ್ ವೈರ್ ತುಂಡಾಗಿತ್ತು. ಕರೆಂಟಿನ ವೈರನ್ನು ಲೋಹದ ಚೌಕಟ್ಟಿಗೆ ಸುತ್ತಲಾಗಿತ್ತು.

"ಇಲಿ ಕಡಿದಿರ್ಬೇಕು ಸಾರ್," ಎಂದ ಕೊಟ್ರಪ್ಪ.

"ಇಲಿ ಕಡಿದು ಸ್ಕ್ರೂಗೆ ಕುಂಕುಮಾನೂ ಇಟ್ಟು ಹೋಯ್ತೇನಪ್ಪಾ?" ಎಂದರು ಅಂಜನಮ್ಮ.

ಹನುಮೇಶ ಎದ್ದರು. "ಕೊಟ್ರಪ್ಪ, ಮುರುಗೇಶನ್ನ ಕರ್ಕೊಂಡು ಬಾ. ಅವನ ಟೂಲ್ಸ್ ಬ್ಯಾಗೂ ಇರ್ಲಿ. ಹೇಳಿಕೆ ಕೊಡೋಕೆ ಮಾಲಾನೂ ಬರ್ಲಿ."

* * *

ಮುರುಗೇಶ್ ಅಪಾರ್ಟ್‌ಮೆಂಟುಗಳಿಗೆ ವೈರಿಂಗ್ ಮಾಡುವವನು. ಬ್ಯಾಗಿನಲ್ಲಿದ್ದ ಸ್ಕ್ರೂಡ್ರೈವರಿನ ತುದಿಗೆ ಕೆಂಪು ಪಾಲಿಶ್ ಮೆತ್ತಿತ್ತು. ತಳದಲ್ಲಿ ದೇವಸ್ಥಾನದ ಕುಂಕುಮದ ಪೊಟ್ಟಣ.

"ಸೆಟ್ಟು ಯಾವತ್ತೂ ಮುಟ್ಟಿಲ್ಲ ಅಂದ್ರಿ," ಹನುಮೇಶ ಶುರುಮಾಡಿದರು. "ನಾವು ಮಗುಚೋಕೆ ಮುಂಚೇನೇ ಅಡೀಲಿ ಬೊಟ್ಟಿದೆ ಅಂತ ಹೇಗೆ ಗೊತ್ತಾಯ್ತು?"

ಮುರುಗೇಶ್ ಬ್ಯಾಗಿನತ್ತ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವನು ಯಾರೂ ಕೇಳುವ ಮೊದಲೇ ಮುಟ್ಟಿಕೊಂಡಿದ್ದ.

"ಶನಿವಾರ ಸಂಜೆ ಮಾವ ವಾಕಿಂಗ್ ಹೋದಾಗ ಬಿಚ್ಚಿದೆ. ದಿನಾ ಸ್ನಾನ ಮಾಡ್ಕೊಂಡು ಒದ್ದೆ ಕೈಲೇ ಅವರು ಸೆಟ್ಟು ಹಾಕ್ತಾರೆ ಅಂತ ಗೊತ್ತಿತ್ತು. ಬೊಟ್ಟು ಒಡೆದೋಯ್ತು. ಹೆಂಗಸು ಇಟ್ಟಿದ್ದಲ್ವಾ, ಕುಂಕುಮಾನೇ ಇರ್ಬೇಕು ಅಂದ್ಕೊಂಡು ಎಣ್ಣೆಗೆ ಕಲಸಿ ಇಟ್ಟೆ. ತಪ್ಪು ಆಯಮ್ಮನ ಮೇಲೆ ಹೋಗ್ಲಿ ಅಂತ."

"ಯಾಕೆ?"

"ಸೋಮವಾರ ಮಾವ ಮನೇನ ಹೆಣ್ಮಕ್ಕಳ ಹಾಸ್ಟೆಲ್‌ಗೆ ಬರೆದುಕೊಡೋರಿದ್ರು. ಹುಟ್ಟಿದಾಗಿಂದ ಅಲ್ಲೇ ಇದೀನಿ ಸಾರ್."

ಕೊಟ್ರಪ್ಪ ಅವನನ್ನು ಒಳಗೆ ಕರೆದೊಯ್ದ.

ಅಂಜನಮ್ಮ ಬೆಂಚಿನ ಮೇಲೆ ಕೂತೇ ಇದ್ದರು. ಎರಡು ದಿನದಿಂದ ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಕೈಗಳನ್ನು ಈಗ ಹೊರಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಬಾಗಿಲಲ್ಲಿ ನಿಂತಿದ್ದ ಮಾಲಾಳನ್ನು ಕರೆದರು.

"ಎಡಗಡೆ ಸ್ಪೀಕರ್ ಹಾಡ್ತಾ ಇತ್ತೇನಮ್ಮಾ? ಅವ್ರು ಒಂದ್ಸಲನಾದ್ರೂ ಕೇಳಿದ್ರಾ?"

"ಶನಿವಾರ ಬೆಳಿಗ್ಗೆ ಕೇಳಿದ್ರು ಆಂಟಿ. ನನ್ನೂ ಕರೆದು ಕೂರಿಸಿದ್ರು. ಎರಡೂ ಕಡೆಯಿಂದ ಬರ್ತಿದೆ ನೋಡು, ಅಂಜನಮ್ಮನ ಕೈ ಅಂದ್ರೆ ಕೈ ಅಂದ್ರು."

ಅಂಜನಮ್ಮ ಕನ್ನಡಕ ತೆಗೆದರು. ಎರಡು ದಿನ ತಡೆದಿಟ್ಟಿದ್ದ ಅಳು ಆಗ ಬಂತು.