ನಾಲ್ಕೂರು ಕೂಡಿದ ಲೈನು

ಫೋನಿನಲ್ಲಿ ಪೇಟೆಯ ಧಾರಣಿ ಓದಿ ಮುಗಿಸಿದೆ. ಮೂರು ಊರಿನವರು “ಬಂತರಿ” ಅಂದರು. ಟಿಕೋಟಾದವನೊಬ್ಬನೇ ಸುಮ್ಮನಿದ್ದ.

“ಟಿಕೋಟಾ, ನಿದ್ದಿ ಹತ್ತೈತೇನ?” ಅಂತ ಬೈದೆ.

“ಕುಸುಬಿ ಧಾರಣಿ ಇನ್ನೊಮ್ಮೆ ಹೇಳ್ರಿ ಬಾಯಾರ. ನಿಮ್ಮ ದನಿ ಕೇಳಕೋತ ಬರಿಯೂದ ಮರತೆ.”

ಜೈನಾಪುರದ ಗುರಲಿಂಗಪ್ಪ ಕೆಮ್ಮು ಬರುವ ತನಕ ನಕ್ಕ. ನನ್ನ ಕಿವಿ ಬಿಸಿಯಾಯಿತು. ಸಿಟ್ಟಿಗೆ ಅಂತಲೇ ಆವಾಗ ತಿಳಿದಿದ್ದೆ.

ಅದು ಎಪ್ಪತ್ತೈದನೇ ಇಸವಿ. ನಾನು ವಿಜಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದಿನಾ ಹನ್ನೊಂದಕ್ಕೆ ಪೇಟೆಯ ಧಾರಣಿ ಹಳ್ಳಿಗಳಿಗೆ ತಿಳಿಸಬೇಕು. ಒಂದೊಂದೇ ಊರಿಗೆ ಹೇಳುತ್ತ ಕೂತರೆ ಬೇರೆ ಕಾಲ್ ನಿಂತುಹೋಗುತ್ತವೆ. ಅದಕ್ಕೆ ಟಿಕೋಟಾ, ಬಬಲೇಶ್ವರ, ಬಿಜ್ಜರಗಿ, ಜೈನಾಪುರ, ನಾಲ್ಕರ ವಯರನ್ನೂ ಬೋರ್ಡಿನಲ್ಲಿ ಕೂಡಿಸಿ ಒಂದೇ ಸಲ ಓದುತ್ತಿದ್ದೆ. ಧಾರಣಿ ಬೇಡದ ಊರಿಗೆ ಏನೂ ಕೇಳುವುದಿಲ್ಲ. ಕೂಡಿಸಿದ ಊರಿಗೆ ಎಲ್ಲ ಕೇಳುತ್ತದೆ, ಒಬ್ಬ ಉಸಿರು ಬಿಟ್ಟರೂ.

ಬಬಲೇಶ್ವರದಲ್ಲಿ ಫೋನು ಹಿಡಿಯುತ್ತಿದ್ದವರು ನನ್ನ ಚಾಚಾ ಮುರ್ತುಜಾಸಾಬ. ಅಬ್ಬಾ ತೀರಿಕೊಂಡ ಮೇಲೆ ನಮಗೆ ಅವರೇ ಹಿರಿಯರು. ನನ್ನ ಕೆಲಸ ಬಿಡಿಸಿ ಮಗ ಅಬ್ದುಲಗನಿಗೆ ನನ್ನನ್ನು ತಂದುಕೊಳ್ಳುವುದಂತ ಗಟ್ಟಿ ಮಾಡಿದ್ದರು. ಅವರ ಸೊಸೆಯಂದಿರು ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ. ಕಿಡಕಿಗಳಿಗೂ ಗೋಣಿತಟ್ಟು ಹೊಡೆದಿದ್ದರು.

ಟಿಕೋಟಾದವನ ಹೆಸರು ಸೈಫುದ್ದೀನ, ಕಾಳು ಮಾರಿಸುವ ಅಡತಿ ಅಂಗಡಿಯ ಗುಮಾಸ್ತ. ಒಮ್ಮೆ ಕೆಟ್ಟ ಫೋನು ಹಿಡಿದುಕೊಂಡು ನಮ್ಮ ಕೌಂಟರಿಗೇ ಬಂದ. ಜಾಲರಿಯ ಆಚೆ ನನ್ನ ದನಿ ಕೇಳಿದವನೇ ತಲೆ ಎತ್ತಿದ. ಮೊದಲು ನನ್ನ ಬಾಯಿ ನೋಡಿದ, ಆಮೇಲೆ ಕಣ್ಣು, ಆಮೇಲೆ ಗಡಬಡಿಸಿ ತನ್ನ ಕೈಯಾಗಿನ ಫೋನು.

“ಇಷ್ಟ ಸಣ್ಣ ಇದ್ದು ಅಷ್ಟ ಜೋರ ಬೈತೀರಿ?”

“ಕೆಲಸ ಇದ್ರ ಹೇಳ್ರಿ.”

“ಇತ್ತು. ಮರತೆ.”

ನಗು ತಡೆಯಲು ತುಟಿ ಕಚ್ಚಿದೆ. ಅವನು ಅದನ್ನೂ ನೋಡಿದ.

ಮುಂದೆ ಉಳಿದವರು “ಬಂತರಿ” ಅಂದರೆ ಧಾರಣಿ ಬಂತು ಅಂತ. ಅವನು ಅಂದರೆ ತಾನೇ ಬಂದು ಎದುರಿಗೆ ನಿಂತಂತೆ. ಅಷ್ಟೇ ನಮಗೆ ಸಿಕ್ಕದ್ದು. ನಡುವೆ ಯಾವಾಗಲೂ ಚಾಚಾನ ಉಸಿರು. ಅವನೊಬ್ಬನಿಗೇ ಬೇರೆ ಕಾಲ್ ಹಾಕೋಣವೆಂದರೆ ಬೆನ್ನ ಹಿಂದೆ ಸೂಪರ್‌ವೈಸರ್.

ಶುಕ್ರವಾರ ನಿಕಾಹ್ ಅಂತ ಚಾಚಾ ಹೇಳಿ ಕಳಿಸಿದರು. ಮರುದಿನ ಧಾರಣಿ ಓದಿ ಮುಗಿಸುವಾಗ ಸೂಪರ್‌ವೈಸರ್ ಚಹಾಕ್ಕೆ ಎದ್ದರು. ಮೂರು ಊರಿನ ವಯರು ಕಿತ್ತೆ. ಟಿಕೋಟಾ ಒಂದೇ ಉಳಿಯಿತು. ಕೇಳುವವರು ಕಡಿಮೆಯಾದರೆ ದನಿ ದೊಡ್ಡದಾಗುತ್ತದೆ, ಅವನಿಗೆ ಗೊತ್ತಾಯಿತು.

“ಯಾರೂ ಇಲ್ಲೇನ?”

“ಇಲ್ಲ. ಶುಕ್ರವಾರ ನನ್ನ ನಿಕಾಹ್, ಅಬ್ದುಲಗನಿ ಜೋಡಿ.”

“ನಿಮಗ ಮನಸ ಐತೇನ?”

“ಮನಸ ಇದ್ದಿದ್ರ ವಯರ ಕಿತ್ತು ನಿಮಗ ಯಾಕ ಹೇಳ್ತಿದ್ದೆ?”

“ಹಂಗಾರ ಎಲ್ಲಾರ್ದೂ ಮತ್ತ ಹಾಕ್ರಿ. ಚಾಚಾಂದೂ.”

“ಹುಚ್ಚ ಹಿಡದೈತೇನ?”

“ಅವರೊಬ್ಬರಿಗೇ ಹೇಳಿದ್ರ ಅಲ್ಲೇ ಮುಚ್ಚಿ ಹಾಕ್ತಾರ. ನಾಕೂರ ಬಾಯಿ ಹೆಂಗ ಮುಚ್ಚತಾರ?”

ಮೂರೂ ವಯರು ಮತ್ತೆ ಚುಚ್ಚಿದೆ, ಗಂಟೆ ಹೊಡೆದೆ. ಒಬ್ಬೊಬ್ಬರೇ ಫೋನು ಎತ್ತಿದರು.

“ಮುರ್ತುಜಾ ಚಾಚಾ, ನಾ ಟಿಕೋಟಾದ ಸೈಫುದ್ದೀನ. ಮುಮತಾಜನ್ನ ನನಗ ಕೊಡ್ರಿ.”

ಚಾಚಾ ಬಾಯಿ ತೆಗೆಯುವ ಮೊದಲೇ ನನಗೆ ಸಿಟ್ಟು ನೆತ್ತಿಗೇರಿತು. “ಅವರನ್ನ ಯಾಕ ಕೇಳ್ತಿ? ಮೊದಲ ನನ್ನ ಕೇಳಲೇ.”

“ತಪ್ಪಾತು.” ಅವನ ದನಿ ಸಣ್ಣದಾಯಿತು. “ಮುಮತಾಜ, ನನ್ನ ಮದುವಿ ಆಗ್ತಿ?”

ಉತ್ತರ ಅವನೊಬ್ಬನಿಗೇ, ಕಿವಿಯ ಹತ್ತಿರ ಹೇಳುವ ಮಾತು. ಆ ಲೈನಿನಲ್ಲಿ ಒಬ್ಬನಿಗೆ ಹೇಳಲು ಬರುತ್ತಿರಲಿಲ್ಲ. ಹೇಳಿದರೆ ನಾಲ್ಕು ಊರಿನಿಂದ ತಿರುಗಿ ತರಲೂ ಬರುತ್ತಿರಲಿಲ್ಲ. ವಯರು ಕಿತ್ತುಬಿಡಲೇ ಅಂತ ಕೈ ಹೋಯಿತು. ಗೋಣಿತಟ್ಟಿನ ಕಿಡಕಿ ಕಣ್ಣಿಗೆ ಬಂತು.

“ಆಗ್ತೀನಿ. ಆದ್ರ ಕೆಲಸ ಬಿಡೂದಿಲ್ಲ.”

“ಯಾಕ ಬಿಡಬೇಕ ಬೇ?” ಅಂದಳು ಬಿಜ್ಜರಗಿ ಅಂಗಡಿಯ ಪರಸವ್ವ. ಚಾಚಾ ಫೋನು ಇಟ್ಟ ಸದ್ದು ಕೇಳಿಸಿತು.

ಮಧ್ಯಾಹ್ನದ ಬಸ್ಸಿಗೆ ಅವರೇ ಎಕ್ಸ್‌ಚೇಂಜಿಗೆ ಬಂದರು. ಬೈಸಿಕೊಳ್ಳಲು ತಯಾರಾಗಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಚಾಚಾ ಬೆಂಚಿನ ಮೇಲೆ ಕುಸಿದು ಕೂತು, ಟವೆಲಿನಿಂದ ಮುಖ ಒರೆಸಿಕೊಂಡರು.

“ಜೈನಾಪುರದವರೆಲ್ಲಾ ಬಸ್ಸಿನ್ಯಾಗ ಇದ್ರು. ಕಂಡಕ್ಟರ್ ಸೈತ ಟಿಕೀಟ ಬಿಟ್ಟು ಬಂದು ಮುಬಾರಕ್ ಅಂದ.”

“ನೀವ ಏನ ಅಂದ್ರಿ?”

ಚಾಚಾ ಟವೆಲು ಮಡಚಿ ಹೆಗಲ ಮೇಲೆ ಹಾಕಿಕೊಂಡರು.

“ಶುಕ್ರಿಯಾ ಅಂದೆ. ಮತ್ತೇನ ಅನ್ನಲಿ?”