ಮಗ್ಗುಲಿಗೆ ಹೊರಳಿಸುವ ಪಾಠ

೨೦೨೪ರ ಜೂನ್ ೪, ಮಂಗಳವಾರ. ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಇಮೋಜೀನ್ ಪ್ರೌಟಿ ಎಂಬ ಮಹಿಳೆ ರಾಜ್ಯದ ಪೊಲೀಸ್ ತರಬೇತಿ ಮಾನದಂಡ ಮಂಡಳಿಯ ತನಿಖಾ ವಿಭಾಗಕ್ಕೆ ಖುದ್ದಾಗಿ ಬಂದು ದೂರು ಕೊಟ್ಟಳು. ದೂರು ಒಂದೇ ಹಾಳೆಯದು, ಕೈಬರಹದ್ದು. ತನಿಖಾಧಿಕಾರಿ ರೋಡಾ ಹ್ಯಾವರ್‌ಕ್ಯಾಂಪ್ ಅದನ್ನು ಎರಡು ಸಲ ಓದಿ, ಎದುರಿನ ಕುರ್ಚಿ ತೋರಿಸಿದಳು.

ಆ ವಿಭಾಗಕ್ಕೆ ಸಾಮಾನ್ಯರು ಬರುವುದು ಅಪರೂಪ. ಅಲ್ಲಿ ತನಿಖೆಯಾಗುವವರು ಪೊಲೀಸರೇ. ಕಲಿಯಬೇಕಾದ ಪಾಠಗಳನ್ನು ಅವರು ಕಲಿತಿದ್ದಾರೆಯೇ, ಅವರ ಪ್ರಮಾಣಪತ್ರ ಊರ್ಜಿತದಲ್ಲಿದೆಯೇ, ಅವರ ಠಾಣೆ ಮಾನ್ಯತೆಗೆ ತಕ್ಕದ್ದೇ ಎಂದು ಪರೀಕ್ಷಿಸುವುದು ಮಂಡಳಿಯ ಕೆಲಸ. ದಾಖಲೆಯಲ್ಲಿ ಮೋಸ ಕಂಡರೆ ಬಂಧಿಸುವ ಅಧಿಕಾರವೂ ಅದಕ್ಕುಂಟು.

"ನನ್ನ ತಮ್ಮ ವೆಂಡೆಲ್. ಫೆಬ್ರವರಿ ಹದಿನೇಳಕ್ಕೆ ಸತ್ತ. ಲಿಂಡನ್ ಫೋರ್ಡ್‌ನಲ್ಲಿ, ಲಾಂಡ್ರಿ ಅಂಗಡಿ ಮುಂದೆ."

"ಆ ಕೇಸು ಕೋರ್ಟಿನಲ್ಲಿದೆಯಲ್ಲ ಮ್ಯಾಮ್."

"ಇದೆ. ಈ ತಿಂಗಳು ಇಪ್ಪತ್ತನಾಲ್ಕಕ್ಕೆ ವಿಚಾರಣೆ. ಕೋಲ್ಬಿ ಆಶ್‌ಮೋರ್ ಅಂತ ಪೊಲೀಸು, ಇಪ್ಪತ್ಮೂರು ವರ್ಷ ಅವನಿಗೆ. ತಮ್ಮ ತಲೆ ಕೆಟ್ಟು ಕೂಗಾಡ್ತಿದ್ದ, ನಾನೇ ಫೋನ್ ಮಾಡಿ ಕರೆಸಿದ್ದು. ಬಂದು ಬೋರಲು ಕೆಡವಿ ಕೈಕೋಳ ಹಾಕಿದ. ಹಾಕಿದ ಮೇಲೂ ಮೇಲಿಂದ ಏಳಲಿಲ್ಲ. ಆರು ನಿಮಿಷ." ಅವಳು ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬೋರಲು ಮಲಗಿಸಿ ಒತ್ತಿದ್ರೆ ಸಾಯ್ತಾರೆ ಅಂತ ಅವನಿಗೆ ಪಾಠ ಆಗಿತ್ತು ಅಂತಾನೆ ಠಾಣೆ ಮುಖ್ಯಸ್ಥ. ಕಾಗದ ತೋರಿಸ್ತಾನೆ. ಯಾರೂ ಹೇಳಿಕೊಟ್ಟಿಲ್ಲ ಅಂತಾನೆ ಆ ಹುಡುಗ. ಇಬ್ಬರಲ್ಲಿ ಒಬ್ಬ ಸುಳ್ಳು ಹೇಳ್ತಿದ್ದಾನೆ."

"ಹುಡುಗ ಹೇಳಿದ್ದೇ ನಿಜ ಆದ್ರೆ ಅವನ ಶಿಕ್ಷೆ ಕಡಿಮೆ ಆಗಬಹುದು. ಅದು ಗೊತ್ತಾ ನಿಮಗೆ?"

"ನಾನು ಅವನಿಗೋಸ್ಕರ ಬಂದಿಲ್ಲ. ಗೊತ್ತಿದ್ದೂ ಕೊಂದನಾ, ಗೊತ್ತಿಲ್ದೆ ಕೊಂದನಾ? ಅಷ್ಟು ಹೇಳಿ ನನಗೆ. ನಮ್ಮಮ್ಮ ದಿನಾ ಕೇಳ್ತಾಳೆ."

ದೂರು ದಾಖಲಾಯಿತು, ಸಂಖ್ಯೆ ೪೧. ಲಿಂಡನ್ ಫೋರ್ಡ್ ಠಾಣೆಯ ತರಬೇತಿ ಅಧಿಕಾರಿಯ ಹೆಸರು ಬರೆಯುವ ಜಾಗಕ್ಕೆ ಬಂದಾಗ ರೋಡಾಳ ಲೇಖನಿ ತುಸು ನಿಂತಿತು. ಲೆಫ್ಟಿನೆಂಟ್ ಅಲ್ವಾ ರೆಡ್‌ಫರ್ನ್. ಇಪ್ಪತ್ತೊಂದು ವರ್ಷಗಳ ಹಿಂದೆ ಅಕಾಡೆಮಿಯ ಮರದ ನೆಲದ ಮೇಲೆ ಅವಳಿಗೆ ಕೈಕೋಳ ಹಾಕುವುದನ್ನು ಕಲಿಸಿದಾತ ಆತನೇ. ಈ ಸಂಬಂಧವನ್ನು ಅವಳು ಲಿಖಿತವಾಗಿ ಮೇಲಧಿಕಾರಿಗೆ ತಿಳಿಸಿದಳು. ಆತ ಓದಿ ನಕ್ಕ.

"ಈ ರಾಜ್ಯದಲ್ಲಿ ಅರ್ಧ ಜನಕ್ಕೆ ಅವನೇ ಮೇಷ್ಟ್ರು. ನಿನ್ನ ಬಿಟ್ರೆ ಇನ್ಯಾರನ್ನ ಕಳಿಸಲಿ? ಟಾರ್ವರ್‌ನ ಜೊತೆಗೆ ಕರ್ಕೊಂಡು ಹೋಗು."

ಜೂನ್ ೬, ಗುರುವಾರ. ರೋಡಾ ಹಾಗೂ ಅವಳ ಸಹಾಯಕ ಕ್ಲೀವ್ ಟಾರ್ವರ್ ಮೊದಲು ಅಮಾನತಿನಲ್ಲಿದ್ದ ಆಶ್‌ಮೋರ್‌ನನ್ನು ಅವನ ತಾಯಿಯ ಮನೆಯಲ್ಲಿ ಕಂಡರು. ಹನ್ನೊಂದು ಗಂಟೆಯಾಗಿದ್ದರೂ ಅವನ ಮುಂದಿನ ತಟ್ಟೆಯ ಮೊಟ್ಟೆಗೆ ಕೈ ತಾಗಿರಲಿಲ್ಲ. ಬೋರಲು ಹಿಡಿಯುವುದರ ಅಪಾಯ ಕುರಿತ ಪಾಠ ಕಡ್ಡಾಯವಾದದ್ದು ೨೦೨೩ರ ಜನವರಿಯಿಂದ. ಅವನು ಅಕಾಡೆಮಿ ಮುಗಿಸಿದ್ದು ಅದಕ್ಕೂ ಮೊದಲಿನ ಬೇಸಗೆಯಲ್ಲಿ. ಆದುದರಿಂದ ಅವನಿಗೆ ಅದನ್ನು ಕಲಿಸಬೇಕಾದದ್ದು ಠಾಣೆಯೇ. ೨೦೨೩ರ ಮಾರ್ಚ್ ೨೨ರಂದು ಕಲಿಸಲಾಗಿದೆ ಎಂದು ಹಾಜರಿ ಹಾಳೆ ಹೇಳುತ್ತಿತ್ತು.

"ಈ ಸಹಿ ನಿಮ್ಮದಾ?"

"ನಂದೇ ಮ್ಯಾಮ್."

"ಹಾಗಾದ್ರೆ ತರಗತಿಗೆ ಹೋಗಿದ್ರಿ."

"ಇಲ್ಲ ಮ್ಯಾಮ್."

ಟಾರ್ವರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಮದುವೆ ಕಾಗದಕ್ಕೂ ಹೀಗೇ ಸಹಿ ಹಾಕ್ತೀಯೇನಪ್ಪ, ಹುಡುಗಿ ಯಾರು ಅಂತ ನೋಡ್ದೆ?"

"ಲೆಫ್ಟಿನೆಂಟ್ ತಿಂಗಳ ಕೊನೆಗೆ ಹಾಳೆಗಳನ್ನೆಲ್ಲ ಒಟ್ಟಿಗೆ ತರೋರು ಸರ್. ಸಹಿ ಹಾಕ್ರಪ್ಪಾ, ಪಾಠ ಮುಂದಿನ ವಾರ ಮಾಡ್ಕೊಳ್ಳೋಣ ಅನ್ನೋರು. ಎಲ್ಲರೂ ಹಾಕ್ತಿದ್ರು. ನಾನೂ ಹಾಕ್ದೆ."

"ಆ ಮುಂದಿನ ವಾರ?"

"ಬರಲೇ ಇಲ್ಲ."

"ಮಾರ್ಚ್ ಇಪ್ಪತ್ತೆರಡಕ್ಕೆ ಎಲ್ಲಿದ್ರಿ?"

"ವಾರದ ರಜೆ ಇತ್ತು. ಎಲ್ಲಿದ್ದೆ ಅಂತ ನೆನಪಿಲ್ಲ ಮ್ಯಾಮ್." ಅವನು ತಟ್ಟೆಯನ್ನು ದೂರ ಸರಿಸಿದ. "ಉಸಿರಾಡಕ್ಕೆ ಆಗ್ತಿಲ್ಲ ಅಂದ ಅವನು. ಮಾತಾಡ್ತಾ ಇದಾನಲ್ಲ, ಅಂದ್ರೆ ಉಸಿರು ಸರಿಯಾಗಿದೆ ಅಂದ್ಕೊಂಡೆ. ದೇವರಾಣೆಗೂ ಹಾಗೇ ಅಂದ್ಕೊಂಡೆ."

ಮಧ್ಯಾಹ್ನ ಠಾಣೆಯಲ್ಲಿ, ಅದೇ ಹಾಳೆಗೆ ಸಹಿ ಹಾಕಿದ್ದ ಉಳಿದ ಎಂಟು ಮಂದಿಯನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ತರಗತಿ ನಡೆಯಿತೆಂದೇ ಎಂಟೂ ಮಂದಿಯ ಉತ್ತರ. ಪಾಠದಲ್ಲಿ ಏನು ಹೇಳಿದರೆಂದರೆ ಒಬ್ಬನ ದೃಷ್ಟಿ ನೆಲಕ್ಕೆ, ಮತ್ತೊಬ್ಬನದು ಗಡಿಯಾರಕ್ಕೆ. ಕಲಿಯದೆ ಸಹಿ ಹಾಕಿದೆನೆಂದು ಒಪ್ಪಿಕೊಂಡವನ ಪ್ರಮಾಣಪತ್ರ ಹೋಗುತ್ತದೆ. ಅದಿಲ್ಲದೆ ಈ ರಾಜ್ಯದ ಯಾವ ಠಾಣೆಯಲ್ಲೂ ಅವನಿಗೆ ಸಮವಸ್ತ್ರವಿಲ್ಲ.

ಹೊರಗೆ ಬಂದಾಗ ಟಾರ್ವರ್ ಹೇಳಿದ: "ಒಂಬತ್ತು ಸಹಿ, ಎಂಟು ಬಾಯಿ. ಆ ಹುಡುಗಂದು ಒಂದು ಬಾಯಿ. ಗೆಲ್ಲೋದು ಯಾರು ಹೇಳು."

"ಕಡತ ನೋಡೋಣ," ಎಂದಳು ರೋಡಾ.

ಠಾಣೆಗೆ ಮಾನ್ಯತೆ ಬಂದದ್ದು ೨೦೨೩ರ ಆಗಸ್ಟ್‌ನಲ್ಲಿ. ಆ ಪತ್ರ ಚೌಕಟ್ಟಿನೊಳಗೆ ಸೇರಿ ಬಾಗಿಲ ಎದುರಿಗೇ ತೂಗುತ್ತಿತ್ತು. ಅದಕ್ಕಾಗಿ ಪ್ರತಿ ನಿಯಮಕ್ಕೂ ಒಂದು ಕಡತ ತೋರಿಸಬೇಕು. ಪ್ರತಿ ಕಡತದಲ್ಲೂ ಮೂರು ಸಾಕ್ಷ್ಯಗಳಿರಬೇಕು: ಹಾಜರಿ ಹಾಳೆ, ಪಾಠದ ಟಿಪ್ಪಣಿ, ತರಗತಿಯ ಫೋಟೋ. ರೆಡ್‌ಫರ್ನ್‌ನ ಕಡತಗಳು ಪೂಜೆಗೆ ಜೋಡಿಸಿಟ್ಟ ಸಾಮಗ್ರಿಯಂತೆ ಅಚ್ಚುಕಟ್ಟಾಗಿದ್ದವು. ಅವುಗಳಲ್ಲಿ ದೋಷ ಹುಡುಕಲು ಬಂದ ತನ್ನ ಬಗೆಗೇ ರೋಡಾಳಿಗೆ ಕ್ಷಣಕಾಲ ನಾಚಿಕೆಯೆನಿಸಿತು.

ಬೋರಲು ಹಿಡಿತದ ಕಡತದ ಫೋಟೋ ಹೀಗಿತ್ತು. ಠಾಣೆಯ ಸಭಾಕೋಣೆ. ಕುರ್ಚಿಗಳಲ್ಲಿ ಸಮವಸ್ತ್ರದವರು. ಮುಂದಿನ ಸಾಲಿನ ಐವರು ಮಾತ್ರ ಸ್ಪಷ್ಟ, ಹಿಂದಿನವರು ಅಂಚಿನಾಚೆ. ಎದುರಿಗೆ ನಿಂತು ಮಾತನಾಡುತ್ತಿರುವ ರೆಡ್‌ಫರ್ನ್, ಅವನ ಬೆನ್ನ ಹಿಂದೆ ಏನೂ ಬರೆಯದ ಬಿಳಿ ಹಲಗೆ. ಐವರ ಮುಖವೂ ಗಂಭೀರ. ರೋಡಾ ಭೂತಗನ್ನಡಿ ಹಿಡಿದು ಒಂದೊಂದೇ ಮುಖ ನೋಡಿದಳು, ಬಳಿಕ ಎದೆಯ ಬಿಲ್ಲೆಗಳನ್ನು ನೋಡಿದಳು. ಕೈ ಅಲ್ಲೇ ನಿಂತಿತು.

"ಟಾರ್ವರ್, ಈ ಬಿಲ್ಲೆ ನೋಡು."

ಅವನು ನೋಡಿದ. ಅವನ ಮುಖದ ತಮಾಷೆ ಇಳಿದುಹೋಯಿತು. ಪ್ರತಿ ಬಿಲ್ಲೆಯ ಮೇಲೂ ಬೆರಳಗಲದ ಕಪ್ಪು ಪಟ್ಟಿ ಅಡ್ಡ ಹಾಯ್ದಿತ್ತು. ಕರ್ತವ್ಯದಲ್ಲಿದ್ದಾಗ ಜೊತೆಗಾರ ಸತ್ತರೆ ಅಂದೇ ಆ ಪಟ್ಟಿ ಏರುತ್ತದೆ, ಅವನನ್ನು ಮಣ್ಣು ಮಾಡಿ ಬಂದ ಮೇಲೆ ಇಳಿಯುತ್ತದೆ. ಅದನ್ನು ಒಂದು ದಿನ ಹೆಚ್ಚಿಗೆ ಧರಿಸುವುದೂ ತಪ್ಪೆಂದು ಪೊಲೀಸರು ಭಾವಿಸುತ್ತಾರೆ.

"ಆ ಮಾರ್ಚ್‌ನಲ್ಲಿ ಯಾರಾದ್ರೂ ಸತ್ತಿದ್ರಾ? ರಾಜ್ಯದಲ್ಲಿ ಎಲ್ಲೇ ಆಗಲಿ?" ಎಂದು ಕೇಳಿದಳು ರೋಡಾ.

ಮಂಡಳಿಯ ದಾಖಲೆ ತರಿಸಿದರು. ಯಾರೂ ಸತ್ತಿರಲಿಲ್ಲ. ಲಿಂಡನ್ ಫೋರ್ಡ್ ಠಾಣೆ ತನ್ನವನೊಬ್ಬನನ್ನು ಕಳೆದುಕೊಂಡದ್ದು ಒಮ್ಮೆ ಮಾತ್ರ. ೨೦೨೧ರ ನವೆಂಬರ್ ೯ರಂದು, ಹಿಮಗಟ್ಟಿದ ಹೆದ್ದಾರಿಯಲ್ಲಿ ವಾಹನಗಳನ್ನು ತಡೆಯುತ್ತಿದ್ದ ಓಟಿಸ್ ಗ್ರಿಂಡಲ್‌ಗೆ ಲಾರಿ ಹೊಡೆದಿತ್ತು. ೧೩ರಂದು ಅಂತ್ಯಕ್ರಿಯೆ. ಆ ಮೆರವಣಿಗೆಯಲ್ಲಿ ರೋಡಾಳೂ ಕಪ್ಪು ಪಟ್ಟಿ ಧರಿಸಿ ನಡೆದಿದ್ದಳು.

ಜೂನ್ ೧೦, ಸೋಮವಾರ. ನ್ಯಾಯಾಧೀಶರ ಶೋಧನಾ ಆಜ್ಞೆಯೊಂದಿಗೆ ರೆಡ್‌ಫರ್ನ್‌ನ ಕೋಣೆ ತೆರೆದರು. ಹತ್ತು ಗಂಟೆ ಐದು ನಿಮಿಷದಿಂದ ಹನ್ನೆರಡೂವರೆಯವರೆಗೆ ಜಪ್ತಿ ಮಹಜರು ನಡೆಯಿತು. ವಶಪಡಿಸಿಕೊಂಡ ವಸ್ತುಗಳಲ್ಲಿ ಠಾಣೆಯ ಕ್ಯಾಮೆರಾ ಇತ್ತು. ಅದೇ ಫೋಟೋ ಅದರಲ್ಲಿ ಸಿಕ್ಕಿತು, ತೆಗೆದ ದಿನಾಂಕ ೨೦೨೧ರ ನವೆಂಬರ್ ೧೧. ಗ್ರಿಂಡಲ್‌ನ ಶವಪೆಟ್ಟಿಗೆಯನ್ನು ಯಾರು ಹೊರಬೇಕು, ಯಾರು ಯಾವ ಸಾಲಿನಲ್ಲಿ ನಡೆಯಬೇಕೆಂದು ತಿಳಿಸಲು ಕರೆದ ಸಭೆ ಅದು. ಇಡೀ ಠಾಣೆ ಒಂದೇ ಕೋಣೆಯಲ್ಲಿ ಕುಳಿತ ಚಿತ್ರ ಆ ಕ್ಯಾಮೆರಾದಲ್ಲಿ ಇನ್ನೊಂದಿರಲಿಲ್ಲ.

ಮೇಜಿನ ಕೆಳಗಿನ ಖಾನೆಯಲ್ಲಿ ನರರೋಗ ತಜ್ಞರ ಪತ್ರವೊಂದಿತ್ತು. ೨೦೨೨ರ ಡಿಸೆಂಬರ್‌ನದು. ಅದನ್ನು ಎಷ್ಟೋ ಸಲ ಬಿಚ್ಚಿ ಮಡಿಸಿದ್ದರಿಂದ ಮಡಿಕೆಗಳು ಹರಿಯುವಂತಾಗಿದ್ದವು. ರೋಡಾ ಓದಿ, ಮಹಜರಿನಲ್ಲಿ ಅದರ ಕ್ರಮಸಂಖ್ಯೆ ಬರೆದಳು.

ಮಧ್ಯಾಹ್ನ ಎರಡು ಗಂಟೆಗೆ ವಿಚಾರಣೆ. ಅಲ್ವಾ ರೆಡ್‌ಫರ್ನ್‌ಗೆ ಐವತ್ತೊಂಬತ್ತು. ಇಸ್ತ್ರಿಯ ಅಂಗಿ, ನೇರ ಬೆನ್ನು. ಕೈಗಳೆರಡೂ ಮೇಜಿನ ಕೆಳಗಿದ್ದವು. ಮೌನವಾಗಿರುವ ಹಕ್ಕನ್ನು ರೋಡಾ ಓದಿ ಹೇಳುವಾಗ ಅವಳ ಜೊತೆಗೇ ಅವನ ತುಟಿಯೂ ಅಲುಗಿತು.

"ಒಂದಕ್ಷರ ಬಿಡಲಿಲ್ಲ ಕಣೇ ಹುಡುಗಿ. ಚೆನ್ನಾಗಿ ಕಲಿಸಿದ್ದೆ ನಾನು."

"ಕಲಿಸಿದ್ರಿ ಸರ್. ವಕೀಲರು ಬೇಕಾ?"

"ಬೇಡ. ಕೇಳು."

"ಮಾರ್ಚ್ ಇಪ್ಪತ್ತೆರಡಕ್ಕೆ ತರಗತಿ ನಡೀತಾ?"

"ನಡೀತು. ಸಹಿ ಇದೆ. ಫೋಟೋ ಇದೆ. ಕೋರ್ಟಲ್ಲೂ ಹೇಳ್ತೀನಿ."

"ಆಶ್‌ಮೋರ್ ಇದ್ದನಾ?"

"ಇದ್ದ."

ರೋಡಾ ಫೋಟೋವನ್ನು ಅವನ ಮುಂದಿಟ್ಟು, ಬಿಲ್ಲೆಯ ಮೇಲೆ ಬೆರಳಿಟ್ಟಳು. ಅವನು ಬಾಗಿ ನೋಡಿದ. ಬಹಳ ಹೊತ್ತು ನೋಡಿದ. ತರಗತಿಯೆಂದು ತೋರಿಸಲು ಆರಿಸುವಾಗ ಅವನಿಗೆ ತುಂಬಿದ ಕುರ್ಚಿಗಳಷ್ಟೇ ಕಂಡಿದ್ದವು.

"ಓಟಿಸ್," ಎಂದ, ಮೆಲ್ಲಗೆ.

"ಹೌದು ಸರ್. ಅವನ ಅಂತ್ಯಕ್ರಿಯೆ ಸಭೆ ಇದು."

"ಫೋಟೋ ಬದಲಾಗಿರಬಹುದು. ಪಾಠ ಮಾತ್ರ ಮಾಡಿದೀನಿ."

"ಹಾಗಾದ್ರೆ ಈಗ ಮಾಡಿ ತೋರಿಸಿ." ಅವಳು ಟಾರ್ವರ್‌ನತ್ತ ತಿರುಗಿದಳು. ಆ ದೊಡ್ಡ ಮೈಯವನು ಎದ್ದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ನೆಲದ ಮೇಲೆ ಬೋರಲಾಗಿ ಮಲಗಿದ. "ಕೈಕೋಳ ಹಾಕಿಯಾಯ್ತು ಅಂದ್ಕೊಳ್ಳಿ. ಮುಂದೇನು ಸರ್?"

ರೆಡ್‌ಫರ್ನ್ ಎದ್ದ. ಮೂವತ್ತು ವರ್ಷಗಳ ರೂಢಿ ಅವನನ್ನು ಎಬ್ಬಿಸಿತು. ಮಂಡಿಯೂರಿ ಕುಳಿತು, "ಮೊದಲು ಅವನ ಮೇಲಿಂದ ನಿನ್ನ ಭಾರ ತೆಗಿ," ಎಂದ. ದನಿ ಹಿಂದಿನಂತೆಯೇ ಖಡಾಖಂಡಿತವಾಗಿತ್ತು. "ಒಂದು ಕೈ ಭುಜಕ್ಕೆ. ಒಂದು ಕೈ ಸೊಂಟಕ್ಕೆ." ಕೈಗಳು ಬೆಳಕಿಗೆ ಬಂದದ್ದು ಆಗ. ಬಲಗೈ ಭುಜದ ಮೇಲೆ ನಿಲ್ಲಲಿಲ್ಲ. ಹಿಡಿಯಲು ಹೋದಷ್ಟೂ ನಡುಕ ಹೆಚ್ಚಿತು. ಬೆರಳುಗಳು ಅಂಗಿಯ ಬಟ್ಟೆಯ ಮೇಲೆ ಸದ್ದು ಮಾಡುತ್ತ ಜಾರಿದವು. ಎರಡು ಸಲ ಎಳೆದ. ಟಾರ್ವರ್ ಕದಲಲಿಲ್ಲ, ನೆಲಕ್ಕೆ ಒತ್ತಿದ್ದ ಮುಖವನ್ನು ಎತ್ತಲೂ ಇಲ್ಲ.

"ಸಾಕು ಸರ್," ಎಂದಳು ರೋಡಾ.

ಅವನು ನೆಲದ ಮೇಲೆಯೇ ಕುಳಿತು ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡ.

"ಯಾವಾಗಿಂದ?"

"ಇಪ್ಪತ್ತೆರಡರ ಚಳಿಗಾಲದಿಂದ. ಬೋಧಕನ ಪ್ರಮಾಣಪತ್ರ ಹೊಸದು ಮಾಡಿಸ್ಕೋಬೇಕಿತ್ತು. ಪರೀಕ್ಷಕರ ಮುಂದೆ ಇದೆಲ್ಲ ಕೈಯಾರೆ ಮಾಡಿ ತೋರಿಸ್ಬೇಕು." ಅವನು ನಗಲು ಪ್ರಯತ್ನಿಸಿದ. "ನನ್ನ ಹಾಳೆಗೂ ನಾನೇ ಸಹಿ ಹಾಕ್ಕೊಂಡೆ. ಹೊಸಬರ ಮುಂದೆ ಹೇಗೆ ನಿಲ್ಲಲಿ? ಪಾಠ ಕಲಿಸೋನ ಕೈ ನೋಡಿ ಹುಡುಗರು ಮುಖ ಮುಖ ನೋಡ್ಕೊಳ್ಳೋದನ್ನ ನನಗೆ ನೋಡಕ್ಕಾಗ್ತಿರಲಿಲ್ಲ."

"ಬೇರೆ ಬೋಧಕರನ್ನ ಕರೆಸಬಹುದಿತ್ತು."

"ಕರೆಸಬಹುದಿತ್ತು."

"ವೆಂಡೆಲ್ ಪ್ರೌಟಿ ಸತ್ತ ದಿನ ಏನನ್ನಿಸ್ತು?"

"ಆಶ್‌ಮೋರ್ ರಾತ್ರಿ ಫೋನ್ ಮಾಡಿದ. ನಾನೇನು ತಪ್ಪು ಮಾಡಿದೆ ಲೆಫ್ಟಿನೆಂಟ್, ಅಂತ ಕೇಳಿದ. ನಿನಗೆ ಕಲಿಸಿದ್ದೆನಲ್ಲ, ಮರೆತೆಯಾ ಅಂದೆ."

ಟಾರ್ವರ್ ನೆಲದಿಂದ ಎದ್ದು ಅಂಗಿಯ ಧೂಳು ಕೊಡವಿದ.

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ನಕಲಿ ಸರ್ಕಾರಿ ದಾಖಲೆಯ ಸೃಷ್ಟಿ ಮತ್ತು ಸುಳ್ಳು ದೃಢೀಕರಣದ ಆರೋಪದ ಮೇಲೆ ಅಲ್ವಾ ರೆಡ್‌ಫರ್ನ್‌ನನ್ನು ಬಂಧಿಸಲಾಯಿತು. ಕೈಕೋಳವನ್ನು ರೋಡಾಳೇ ಹಾಕಿದಳು. ಕಬ್ಬಿಣಕ್ಕೂ ಮಣಿಕಟ್ಟಿಗೂ ನಡುವೆ ಬೆರಳ ತುದಿ ತೂರಿಸಿ ನೋಡಿದಳು, ಬಳಿಕ ಅದು ತಾನಾಗಿ ಬಿಗಿಯದಂತೆ ಎರಡನೆಯ ಬೀಗ ಹಾಕಿದಳು. ಅದು ಆತ ಕಲಿಸಿದ ಕ್ರಮ. ಕಾರಿನವರೆಗೂ ಕೈಕೋಳ ಸಣ್ಣಗೆ ಗಿಲಿಗಿಲಿಗುಟ್ಟುತ್ತಲೇ ಇತ್ತು.

ವರದಿಯ ಕೊನೆಯಲ್ಲಿ ಅಪರಾಧದ ಪ್ರೇರಣೆ ಬರೆಯುವ ಅಂಕಣವಿದೆ. ರೋಡಾ ಅಲ್ಲಿ ಬರೆದದ್ದು ಇಷ್ಟು: "ಆರೋಪಿಗೆ ಲಾಭದ ಆಸೆ ಇರಲಿಲ್ಲ. ಗುರುವಿನ ಸ್ಥಾನವನ್ನು ಬಿಟ್ಟುಕೊಡಲಾರದೆ ವಿದ್ಯೆಯನ್ನೇ ನಿಲ್ಲಿಸಿದನು." ಆಶ್‌ಮೋರ್‌ನ ಪ್ರಮಾಣಪತ್ರ ಉಳಿಯಲಿಲ್ಲ, ಉಳಿದ ಎಂಟು ಮಂದಿಯದೂ ಅಮಾನತಿಗೆ ಹೋಯಿತು. ಗೋಡೆಯ ಮೇಲಿನ ಮಾನ್ಯತಾ ಪತ್ರವನ್ನು ಟಾರ್ವರ್ ಇಳಿಸಿದ. ಆಶ್‌ಮೋರ್‌ಗೆ ಕಲಿಸಿರಲಿಲ್ಲವೆಂಬ ರೆಡ್‌ಫರ್ನ್‌ನ ಹೇಳಿಕೆ ಮಾತ್ರ ನ್ಯಾಯಾಲಯವನ್ನು ವಿಚಾರಣೆಗೆ ಮೊದಲೇ ತಲುಪಿತು.

ಜೂನ್ ೧೧ರ ಬೆಳಿಗ್ಗೆ ಹತ್ತು ಗಂಟೆಗೆ ರೋಡಾ ಇಮೋಜೀನ್ ಪ್ರೌಟಿಯ ಮನೆಗೆ ಹೋದಳು. ಒಳಕೋಣೆಯಲ್ಲಿ ಮುದುಕಿಯೊಬ್ಬಳು ಕೆಮ್ಮುವುದು ಕೇಳಿಸುತ್ತಿತ್ತು.

"ಆ ಹುಡುಗನಿಗೆ ಯಾರೂ ಕಲಿಸಿರಲಿಲ್ಲ ಮ್ಯಾಮ್. ಅವನಿಗೆ ಗೊತ್ತಿರಲಿಲ್ಲ."

ಇಮೋಜೀನ್ ತಲೆಯಾಡಿಸಿದಳು. ಅಳಲಿಲ್ಲ. "ಏನು ಗೊತ್ತಿರಬೇಕಿತ್ತು?"

"ಕೈಕೋಳ ಹಾಕಿದ ತಕ್ಷಣ ಮಗ್ಗುಲಿಗೆ ಹೊರಳಿಸ್ಬೇಕು."

"ಹೇಗೆ?"

ರೋಡಾ ಬಾಯಲ್ಲಿ ಹೇಳಲು ಹೊರಟಳು. ಅಷ್ಟರಲ್ಲಿ ಇಮೋಜೀನ್ ಕಾಲ್ಚೀಲದ ಕಾಲಲ್ಲೇ ಕೆಳಗೆ ಕುಳಿತು, ನೆಲಹಾಸಿನ ಮೇಲೆ ಬೋರಲು ಮಲಗಿ, ಎರಡು ಕೈಗಳನ್ನೂ ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. "ತೋರಿಸಿ," ಎಂದಳು, ಕೆನ್ನೆ ನೆಲಕ್ಕೊತ್ತಿ.

ರೋಡಾ ಮಂಡಿಯೂರಿದಳು. ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ. ಮೆಲ್ಲಗೆ ತನ್ನತ್ತ ಎಳೆದಳು. ಇಮೋಜೀನ್ ಮಗ್ಗುಲಿಗೆ ಹೊರಳಿದಳು, ಎದೆ ಬಿಚ್ಚಿಕೊಂಡು ಉಸಿರು ತುಂಬಿತು. ಎರಡು ಕ್ಷಣವೂ ಹಿಡಿದಿರಲಿಲ್ಲ.

ಅವಳು ಹಾಗೆಯೇ ಮಲಗಿ, ಕಣ್ಣು ತೆರೆದು, ರೋಡಾಳ ಕೈಗಳನ್ನು ನೋಡಿದಳು.

"ಇಷ್ಟೇನಾ?"

"ಇಷ್ಟೇ," ಎಂದಳು ರೋಡಾ.